ಮಗಳು ಮಕ್ಕಳ ನರ್ಸ್ ಆಗಬೇಕಂತೆ, ಯಾವ ಯೂನಿವರ್ಸಿಟಿ ಆರಿಸಲಿ?

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯವರು. ಮೂರು ಎಕರೆ ಕಾಫಿ ತೋಟವಿದೆ. ಮಗಳು ಈ ವರ್ಷ ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿ ಸಿಇಟಿ ಬರೆದಿದ್ದಾಳೆ. ಓದಿದರೆ ಮಕ್ಕಳ ನರ್ಸಿಂಗ್ ಡಿಗ್ರಿಯೇ ಓದಬೇಕು ಎಂದು ಹಟ ಹಿಡಿದಿದ್ದಾಳೆ. ನಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಮೈಸೂರಿನ ಒಂದು ಕಾಲೇಜು, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಎರಡು, ಮಂಗಳೂರಿನ ಒಂದು ಡೀಮ್ಡ್ ಯೂನಿವರ್ಸಿಟಿ (ತಾನೇ ಡಿಗ್ರಿ ಕೊಡುವ ಸಂಸ್ಥೆ), ಅಲ್ಲಿ ಫೀಸು ಜಾಸ್ತಿ. ಮೂರು, ಒಬ್ಬ ಏಜೆಂಟರು ಹೇಳುತ್ತಿರುವ ಇಂಗ್ಲೆಂಡಿನ ಮಕ್ಕಳ ನರ್ಸಿಂಗ್ ಡಿಗ್ರಿ. ಯಾವ ಯೂನಿವರ್ಸಿಟಿ ಒಳ್ಳೆಯದು? ಓದಿ ಬಂದ ಮೇಲೆ ಅವಳಿಗೆ ಕೊಡಗಿನಲ್ಲೇ ಕೆಲಸ ಸಿಗುತ್ತದೆಯೇ?

ಉತ್ತರ: ಪಿಯುಸಿ ಮುಗಿಸಿ ನೇರವಾಗಿ ಸೇರುವ ಮಕ್ಕಳ ನರ್ಸಿಂಗ್ ಡಿಗ್ರಿ ನಮ್ಮ ದೇಶದಲ್ಲಿ ಇಲ್ಲ. ಮೈಸೂರಿನಲ್ಲೂ ಇಲ್ಲ, ಮಂಗಳೂರಿನಲ್ಲೂ ಇಲ್ಲ, ದಿಲ್ಲಿಯ ಏಮ್ಸ್‌ನಲ್ಲೂ ಇಲ್ಲ. ಇರುವುದು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ದೊಡ್ಡವರು, ಮಕ್ಕಳು, ಬಾಣಂತಿಯರು, ಮಾನಸಿಕ ರೋಗಿಗಳು, ಹಳ್ಳಿಯ ಆರೋಗ್ಯ, ಎಲ್ಲವೂ ಅದರೊಳಗೇ ಬರುತ್ತವೆ. ಮಕ್ಕಳ ವಿಭಾಗದಲ್ಲೇ ಪರಿಣತಿ ಬೇಕೆಂದರೆ ಆಮೇಲೆ ಎರಡು ವರ್ಷದ ಎಂ.ಎಸ್ಸಿ. ಮಾಡಬೇಕು. ಅದಕ್ಕೆ ಬಿ.ಎಸ್ಸಿ.ಯಲ್ಲಿ ಕನಿಷ್ಠ 55% ಅಂಕ ಮತ್ತು ಒಂದು ವರ್ಷದ ಕೆಲಸದ ಅನುಭವ ಕೇಳುತ್ತಾರೆ. ಎಂ.ಎಸ್ಸಿ. ಬೇಡ ಎನ್ನುವವರಿಗೆ ನವಜಾತ ಶಿಶು ಆರೈಕೆಯ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ನಮ್ಮಲ್ಲಿ ಇದರ ಬಗ್ಗೆ ಗೊತ್ತಿರುವವರೇ ಕಡಿಮೆ.

ಹಾಗಾಗಿ ಯಾರಾದರೂ ಇಲ್ಲಿನ ಕಾಲೇಜಿನಲ್ಲಿ "ಪೀಡಿಯಾಟ್ರಿಕ್ ಬಿ.ಎಸ್ಸಿ. ನರ್ಸಿಂಗ್" ಸೀಟು ಕೊಡಿಸುತ್ತೇನೆ ಎಂದರೆ ಅಲ್ಲಿಗೇ ಮಾತು ಮುಗಿಸಿ. ಅಂಥ ಸೀಟೇ ಇಲ್ಲ.

ಮೈಸೂರಾದರೂ ಮಂಗಳೂರಾದರೂ ಮಗಳ ಕೈಗೆ ಬರುವುದು ಒಂದೇ ಹೆಸರಿನ ಡಿಗ್ರಿ. ಪಠ್ಯಕ್ರಮವೂ ಭಾರತೀಯ ನರ್ಸಿಂಗ್ ಕೌನ್ಸಿಲ್ ಹಾಕಿಕೊಟ್ಟದ್ದೇ. 2021ರಲ್ಲಿ ಬಂದ ಹೊಸ ನಿಯಮದಂತೆ ಕೋರ್ಸು ಎಂಟು ಸೆಮಿಸ್ಟರ್‌ಗಳದ್ದು. ಮಕ್ಕಳ ಆರೋಗ್ಯದ ವಿಷಯ ಬರುವುದು ಐದನೇ ಮತ್ತು ಆರನೇ ಸೆಮಿಸ್ಟರ್‌ನಲ್ಲಿ. ವಾರ್ಡಿನಲ್ಲಿ ನಿಂತು ಕಲಿಯುವ ಅವಧಿ ಐದನೇ ಸೆಮಿಸ್ಟರ್‌ನಲ್ಲಿ 160 ಗಂಟೆ, ಆರನೆಯದರಲ್ಲಿ 80 ಗಂಟೆ. ಎಂಟನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್. ಅದರಲ್ಲಿ ನಾಲ್ಕು ವಾರ ಮಕ್ಕಳ ವಿಭಾಗಕ್ಕೆ ಸಿಗುತ್ತದೆ. ನಾಲ್ಕು ವರ್ಷದ ಓದಿನಲ್ಲಿ ಕಾಯಿಲೆ ಬಿದ್ದ ಮಕ್ಕಳ ಜೊತೆ ಅವಳು ಕಳೆಯುವ ಹೊತ್ತು ಇಷ್ಟೇ.

ಇಷ್ಟು ಕಡಿಮೆ ಗಂಟೆ ಇರುವುದರಿಂದಲೇ ಆ ಗಂಟೆಗಳು ಎಲ್ಲಿ ಕಳೆಯುತ್ತವೆ ಎನ್ನುವುದು ಮುಖ್ಯ. ನೀವು ಯೂನಿವರ್ಸಿಟಿ ಯಾವುದು ಎಂದು ಕೇಳಿದ್ದೀರಿ. ನಾನಾದರೆ ಮಕ್ಕಳ ವಾರ್ಡು ಯಾವುದು ಎಂದು ಕೇಳುತ್ತೇನೆ. ಒಂದೇ ಯೂನಿವರ್ಸಿಟಿಗೆ ಸೇರಿದ ಎರಡು ಕಾಲೇಜುಗಳಲ್ಲಿ ಒಂದರ ಹುಡುಗಿ ಆ 160 ಗಂಟೆಯಲ್ಲಿ ಎಳೆಗೂಸುಗಳಿಗೆ ನಳಿಕೆಯಲ್ಲಿ ಹಾಲು ಕೊಡಲು ಕಲಿತಿರುತ್ತಾಳೆ. ಇನ್ನೊಂದರ ಹುಡುಗಿ ಖಾಲಿ ಹಾಸಿಗೆಗಳ ಮಧ್ಯೆ ಕುಳಿತು ಕೇಸ್ ಶೀಟ್ ನಕಲು ಮಾಡಿರುತ್ತಾಳೆ. ಇಬ್ಬರ ಮಾರ್ಕ್ಸ್ ಕಾರ್ಡೂ ಒಂದೇ ಥರ ಕಾಣುತ್ತದೆ.

ಮಕ್ಕಳ ವಾರ್ಡಿನ ಕೆಲಸ ಪುಸ್ತಕದಿಂದ ಯಾಕೆ ಬರುವುದಿಲ್ಲ ಎನ್ನಲು ಎಲ್ಲರ ಮನೆಯಲ್ಲೂ ಇರುವ ಜ್ವರದ ಔಷಧಿಯನ್ನೇ ತೆಗೆದುಕೊಳ್ಳಿ. ದೊಡ್ಡವರಿಗಾದರೆ ಒಂದು ಪ್ಯಾರಾಸಿಟಮಾಲ್ ಮಾತ್ರೆ, ಆಯಿತು. ಮಗುವಿಗೆ ತೂಕ ನೋಡಿ ಲೆಕ್ಕ ಹಾಕಬೇಕು. ಕಿಲೋಗೆ 15 ಮಿಲಿಗ್ರಾಂ ಎಂದರೆ 10 ಕಿಲೋ ಮಗುವಿಗೆ 150 ಮಿಲಿಗ್ರಾಂ. ಆದರೆ ಸಿರಪ್ಪು 5 ಎಂ.ಎಲ್.ಗೆ 125 ಮಿಲಿಗ್ರಾಂನದ್ದೂ ಬರುತ್ತದೆ, 250ರದ್ದೂ ಬರುತ್ತದೆ. ಮೊದಲನೆಯದಾದರೆ 6 ಎಂ.ಎಲ್., ಎರಡನೆಯದಾದರೆ 3 ಎಂ.ಎಲ್. ಡ್ರಾಪ್ಸ್ ಬೇರೆ ಇದೆ, ಒಂದೊಂದು ಎಂ.ಎಲ್.ನಲ್ಲೂ 100 ಮಿಲಿಗ್ರಾಂ. ಅದಾದರೆ ಒಂದೂವರೆ ಎಂ.ಎಲ್. ಸಾಕು. ಡ್ರಾಪ್ಸನ್ನು ಸಿರಪ್ಪಿನ ಲೆಕ್ಕದಲ್ಲಿ 6 ಎಂ.ಎಲ್. ಕುಡಿಸಿದರೆ ನಾಲ್ಕು ಪಟ್ಟು ಔಷಧಿ ಹೊಟ್ಟೆಗೆ ಹೋಯಿತು. ಇದು ಬರೀ ಜ್ವರದ ಔಷಧಿಯ ಕಥೆ. ನವಜಾತ ಶಿಶುಗಳ ಘಟಕದಲ್ಲಿ ಒಂದೂವರೆ ಕಿಲೋ ಮಗುವಿಗೆ ರಕ್ತನಾಳದ ಮೂಲಕ ಔಷಧಿ ಕೊಡುವಾಗ ದಶಾಂಶದ ಚುಕ್ಕಿ ಒಂದು ಮನೆ ಆಚೀಚೆ ಆದರೆ ಹತ್ತು ಪಟ್ಟು ವ್ಯತ್ಯಾಸ. ಈ ಎಚ್ಚರ ದಿನಕ್ಕೆ ಹಲವು ಸಲ, ಹಿರಿಯ ಸಿಸ್ಟರ್ ಒಬ್ಬರು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ, ಮಾಡಿ ಮಾಡಿಯೇ ಕೈಗೆ ಹತ್ತಬೇಕು.

ಲೆಕ್ಕದ ಜೊತೆಗೆ ಇನ್ನೊಂದಿದೆ. ದೊಡ್ಡವರು ನೋವು ಎಲ್ಲಿ ಎಂದು ಹೇಳುತ್ತಾರೆ. ಆರು ತಿಂಗಳ ಕೂಸು ಹೇಳುವುದಿಲ್ಲ. ಅದರ ಉಸಿರಾಟ, ಅಳುವಿನ ಧಾಟಿ, ಹಾಲು ಬೇಡ ಎನ್ನುವ ರೀತಿ, ಇವನ್ನೇ ನೋಡಿ ತಿಳಿಯಬೇಕು. ಎದೆಗೂಡು ಒಳಕ್ಕೆ ಸೆಳೆಯುತ್ತಿದೆಯಾ ಎಂದು ಅಂಗಿ ಎತ್ತಿ ನೋಡುವ ಅಭ್ಯಾಸ ಆಗಬೇಕು. ಗಾಬರಿಯಾದ ಅಮ್ಮಂದಿರ ಹತ್ತಿರ ಮಾತಾಡುವುದು ಇನ್ನೂ ಕಷ್ಟ. ಅದನ್ನು ಕಲಿಸುವ ಪೇಪರ್ ಸಿಲಬಸ್‌ನಲ್ಲಿ ಇದ್ದರೂ ನಿಜವಾಗಿ ಕಲಿಸುವುದು ವಾರ್ಡೇ.

ಇನ್ನು ಕಾಲೇಜು ನೋಡಲು ಹೋಗುವ ಮಾತು. ದಯವಿಟ್ಟು ಬ್ರೋಷರ್ ನೋಡಿ ಬರಬೇಡಿ. ಮಗಳನ್ನೂ ಕರೆದುಕೊಂಡು ವಾರದ ಮಧ್ಯದ ಒಂದು ದಿನ ಬೆಳಗ್ಗೆ ಹೋಗಿ, ವಿದ್ಯಾರ್ಥಿಗಳು ಡ್ಯೂಟಿಯಲ್ಲಿರುವ ಹೊತ್ತಿಗೆ. ಆಡಳಿತ ಕಚೇರಿಯವರು ಕಟ್ಟಡ, ಸ್ಮಾರ್ಟ್ ಕ್ಲಾಸು, ಬಸ್ಸು ತೋರಿಸುತ್ತಾರೆ. ಅದೆಲ್ಲ ನೋಡಿ, ತಪ್ಪಲ್ಲ. ಆಮೇಲೆ ಕೇಳಿ: "ಮಕ್ಕಳ ವಾರ್ಡಿನ ತರಬೇತಿ (ಪೋಸ್ಟಿಂಗ್) ಯಾವ ಆಸ್ಪತ್ರೆಯಲ್ಲಿ?" ಕಾಲೇಜಿಗೆ ಸ್ವಂತ ಆಸ್ಪತ್ರೆ ಇದ್ದು ಅದರಲ್ಲೇ ಮಕ್ಕಳ ವಾರ್ಡು, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ಪಿಐಸಿಯು (ಮಕ್ಕಳ ತೀವ್ರ ನಿಗಾ ಘಟಕ) ಇದ್ದರೆ ಒಳ್ಳೆಯದು. "ಬೇರೆ ಆಸ್ಪತ್ರೆಯ ಜೊತೆ ಟೈ-ಅಪ್ ಇದೆ" ಎಂಬ ಉತ್ತರ ಬಂದರೆ ಮುಂದಿನ ಪ್ರಶ್ನೆ: ಅದೇ ವಾರ್ಡಿಗೆ ಇನ್ನೆಷ್ಟು ಕಾಲೇಜಿನವರು ಬರುತ್ತಾರೆ? ದೊಡ್ಡ ಊರುಗಳಲ್ಲಿ ಒಂದೇ ಸರ್ಕಾರಿ ಆಸ್ಪತ್ರೆಗೆ ಹಲವು ಖಾಸಗಿ ಕಾಲೇಜುಗಳ ವಿದ್ಯಾರ್ಥಿಗಳು ಹೋಗುತ್ತಾರೆ. ಕೌನ್ಸಿಲ್ ನಿಯಮ ಹೇಳುವುದು ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕ. ಒಂದು ಮಗುವಿನ ಮಂಚದ ಸುತ್ತ ಹತ್ತು ಬಿಳಿ ಕೋಟು ನಿಂತಿದ್ದು ಕಂಡರೆ ನಿಮಗೇ ಗೊತ್ತಾಗುತ್ತದೆ, ಅಲ್ವಾ?

ಎನ್‌ಐಸಿಯು ಇದೆ ಎಂದರೆ ಸಾಲದು. ವಿದ್ಯಾರ್ಥಿಗಳನ್ನು ಒಳಗೆ ಬಿಡುತ್ತಾರಾ ಕೇಳಿ. ಕೆಲವು ಕಡೆ ಸೋಂಕಿನ ಭಯಕ್ಕೆ ಗಾಜಿನ ಆಚೆ ನಿಲ್ಲಿಸಿ ತೋರಿಸಿ ಕಳಿಸುತ್ತಾರೆ. ಆ ಭಯ ಸರಿಯಾದದ್ದೇ, ಆದರೆ ನಿಮ್ಮ ಮಗಳಿಗೆ ಕಲಿಕೆ ಆಗಲಿಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಲಾಗ್ ಬುಕ್. ಪ್ರತಿ ವಿದ್ಯಾರ್ಥಿಯೂ ತಾನು ನೋಡಿದ್ದು, ಸಹಾಯ ಮಾಡಿದ್ದು, ಸ್ವತಃ ಮಾಡಿದ್ದು ಎಲ್ಲವನ್ನೂ ಅದರಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ಹಾಸ್ಟೆಲಿನಲ್ಲಿ ಮೂರನೇ, ನಾಲ್ಕನೇ ವರ್ಷದ ಕೊಡಗಿನ ಹುಡುಗಿಯರು ಯಾರಾದರೂ ಇದ್ದೇ ಇರುತ್ತಾರೆ. ಮಗಳು ಅವರ ಹತ್ತಿರ ಒಬ್ಬಳೇ ಹೋಗಿ ಕೇಳಲಿ, ನೀವು ಪಕ್ಕದಲ್ಲಿ ನಿಲ್ಲಬೇಡಿ. "ಅಕ್ಕಾ, ನೀವೇ ಕೈಯಾರೆ ಎಷ್ಟು ಮಕ್ಕಳಿಗೆ ರಕ್ತನಾಳಕ್ಕೆ ಲೈನ್ ಹಾಕಿದ್ದೀರಿ, ಎಷ್ಟು ಕೂಸುಗಳಿಗೆ ಟ್ಯೂಬ್ ಫೀಡಿಂಗ್ ಮಾಡಿದ್ದೀರಿ?" ಅವರು ಹೇಳುವ ಉತ್ತರವೇ ಆ ಕಾಲೇಜಿನ ನಿಜವಾದ ರ್‍ಯಾಂಕು. "ಎಲ್ಲಾ ಡಾಕ್ಟರೇ ಮಾಡ್ತಾರೆ, ನಾವು ಟ್ರೇ ಹಿಡ್ಕೊಂಡು ನಿಲ್ತೀವಿ" ಎಂದರೆ ಎರಡನೇ ಯೋಚನೆ ಮಾಡಿ.

ಇನ್ನೊಂದು ಸುಳಿವು ಹೊರಗಿನವರಿಗೆ ಹೊಳೆಯುವುದಿಲ್ಲ. ಆ ಕಾಲೇಜಿನಲ್ಲಿ ಮಕ್ಕಳ ನರ್ಸಿಂಗ್ ಎಂ.ಎಸ್ಸಿ. ನಡೆಯುತ್ತದೆಯೇ ನೋಡಿ. ನಡೆಯುತ್ತಿದ್ದರೆ ಆ ವಿಷಯದ ಅಧ್ಯಾಪಕರು ಇರಲೇಬೇಕು, ಕೇಸುಗಳೂ ಬರುತ್ತಿರಬೇಕು. ಬಿ.ಎಸ್ಸಿ.ಯವರಿಗೂ ಅದರ ಲಾಭ ಸಿಗುತ್ತದೆ. ಹಾಗೆಯೇ ಹೊಸ ಪಠ್ಯಕ್ರಮದಲ್ಲಿ ನವಜಾತ ಶಿಶು ಆರೈಕೆ, ಐಎಂಎನ್‌ಸಿಐ (ಶಿಶು, ಮಕ್ಕಳ ಸಾಮಾನ್ಯ ಕಾಯಿಲೆಗಳ ನಿರ್ವಹಣೆ), ಪಿಎಲ್‌ಎಸ್ (ಮಕ್ಕಳ ಜೀವ ಉಳಿಸುವ ತುರ್ತು ಚಿಕಿತ್ಸೆ) ಎಂಬ ಚಿಕ್ಕ ತರಬೇತಿಗಳು ಸೇರಿವೆ. ಗೊಂಬೆಯ ಮೇಲೆ ನಿಜವಾಗಿ ಮಾಡಿಸಿ ಸರ್ಟಿಫಿಕೇಟ್ ಕೊಡುತ್ತಾರಾ, ಸುಮ್ನೆ ಸಹಿ ಹಾಕಿಸುತ್ತಾರಾ ಎಂದು ಅದೇ ಹುಡುಗಿಯರನ್ನು ಕೇಳಬಹುದು.

ಹಾಗಾದರೆ ಮೈಸೂರೋ ಮಂಗಳೂರೋ?

ಎರಡೂ ಊರುಗಳಲ್ಲಿ ಮಕ್ಕಳ ರೋಗಿಗಳಿಗೆ ಬರವಿಲ್ಲ. ಮೈಸೂರಿನ ಚೆಲುವಾಂಬ ಆಸ್ಪತ್ರೆ ಹೆಂಗಸರು ಮತ್ತು ಮಕ್ಕಳಿಗೇ ಮೀಸಲು. ನಮ್ಮ ಜಿಲ್ಲೆಯ ಎಷ್ಟೋ ಕೂಸುಗಳು ಕಷ್ಟದ ಹೊತ್ತಿನಲ್ಲಿ ಅಲ್ಲಿಗೇ ಹೋಗಿವೆ. ಮಂಗಳೂರಿನಲ್ಲಿ ವೆನ್‌ಲಾಕ್ ಇದೆ, ಮಕ್ಕಳಿಗೆ ಪ್ರತ್ಯೇಕ ಕಟ್ಟಡವೇ ಇದೆ. ಅದರ ಜೊತೆಗೆ ದೊಡ್ಡ ಖಾಸಗಿ ಬೋಧಕ ಆಸ್ಪತ್ರೆಗಳು. ನೀವು ನೋಡುತ್ತಿರುವ ಕಾಲೇಜಿನ ವಿದ್ಯಾರ್ಥಿಗಳು ಇವುಗಳಲ್ಲಿ ಯಾವುದರೊಳಗೆ, ಎಷ್ಟು ದಿನ ಇರುತ್ತಾರೆ ಎನ್ನುವುದಷ್ಟೇ ಪ್ರಶ್ನೆ.

ರಾಜೀವ್ ಗಾಂಧಿ ವಿಶ್ವವಿದ್ಯಾಲಯ 1996ರಲ್ಲಿ ಶುರುವಾದದ್ದು. ರಾಜ್ಯದ ನರ್ಸಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು ಅದರ ಕೆಳಗೇ ಬರುತ್ತವೆ. ಪರೀಕ್ಷೆ ರಾಜ್ಯಕ್ಕೆಲ್ಲ ಒಂದೇ. ಡೀಮ್ಡ್‌ನಲ್ಲಿ ಅವರದೇ ಪರೀಕ್ಷೆ, ಅವರದೇ ವೇಳಾಪಟ್ಟಿ. ಸಾಮಾನ್ಯವಾಗಿ ಫಲಿತಾಂಶ ಬೇಗ ಬರುತ್ತದೆ, ಲ್ಯಾಬು ಲೈಬ್ರರಿ ಚೆನ್ನಾಗಿರುತ್ತದೆ, ಆಸ್ಪತ್ರೆ ಕ್ಯಾಂಪಸ್ಸಿನಲ್ಲೇ ಇರುತ್ತದೆ. ಅದಕ್ಕೇ ಫೀಸು. ಕೆಲಸಕ್ಕೆ ಅರ್ಜಿ ಹಾಕುವಾಗ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸುವಾಗ, ಏಮ್ಸ್‌ನವರ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್ ಬರೆಯುವಾಗ ಎರಡಕ್ಕೂ ಒಂದೇ ಬೆಲೆ. ಡೀಮ್ಡ್ ಎಂದಾಕ್ಷಣ ಮೇಲೂ ಅಲ್ಲ, ಕೆಳಗೂ ಅಲ್ಲ.

ನನ್ನ ಸಲಹೆ ಹೀಗೆ. ಮೈಸೂರಿನ ಕಾಲೇಜಿಗೆ ಸ್ವಂತ ದೊಡ್ಡ ಆಸ್ಪತ್ರೆ ಇದ್ದು, ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಕಣ್ಣುಮುಚ್ಚಿ ಅಲ್ಲಿಗೆ ಸೇರಿಸಿ. ಉಳಿದ ದುಡ್ಡನ್ನು ಮುಂದೆ ಎಂ.ಎಸ್ಸಿ.ಗೆ ಇಡಿ. ಮೈಸೂರಿನದು ನಾಲ್ಕು ಕೋಣೆಯ ಬಾಡಿಗೆ ಕಟ್ಟಡವಾಗಿದ್ದು, ಎಲ್ಲ ಪೋಸ್ಟಿಂಗೂ ಬೇರೆಯವರ ಆಸ್ಪತ್ರೆಯಲ್ಲಿ ಎಂದಾದರೆ ಮಂಗಳೂರಿನ ಡೀಮ್ಡೇ ವಾಸಿ, ಸಾಲ ಮಾಡಿಯಾದರೂ ಸರಿ. ಬಿ.ಎಸ್ಸಿ. ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಎನ್ನುವುದು ನಿಯಮ. ಕಾಗದದ ಮೇಲೆ ಎಲ್ಲರಿಗೂ ಇರುತ್ತದೆ. ನೀವು ಹೋಗಿ ಕಣ್ಣಾರೆ ಎಣಿಸಿ.

ದೂರದ ಮಾತೂ ಬರುತ್ತದೆ. ಕುಶಾಲನಗರದಿಂದ ಮೈಸೂರು ಸುಮಾರು 90 ಕಿ.ಮೀ., ನೇರ ರಸ್ತೆ, ಬಸ್ಸಿಗೆ ಬರವಿಲ್ಲ. ಮಂಗಳೂರಿಗೆ ಘಾಟಿ ಇಳಿಯಬೇಕು. 2018ರ ಆಗಸ್ಟಿನ ಭೂಕುಸಿತದಲ್ಲಿ ಸಂಪಾಜೆ ರಸ್ತೆ ವಾರಗಟ್ಟಲೆ ಬಂದ್ ಆಗಿದ್ದು ನಿಮಗೆ ನಾನು ಹೇಳಬೇಕಿಲ್ಲ. ಆದರೂ ಇದಕ್ಕೆ ಜಾಸ್ತಿ ತೂಕ ಕೊಡಬೇಡಿ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಹುತ್ತರಿಗೆ, ಕಾವೇರಿ ಸಂಕ್ರಮಣಕ್ಕೆ ಎಂದು ಓಡಿ ಬರುವಷ್ಟು ರಜೆ ಎಲ್ಲಿ ಓದಿದರೂ ಇರುವುದಿಲ್ಲ.

ಈಗ ಏಜೆಂಟರ ಇಂಗ್ಲೆಂಡ್.

ಅವರು ಹೇಳಿದ್ದು ಸುಳ್ಳಲ್ಲ. ಬ್ರಿಟನ್ನಿನಲ್ಲಿ ನಿಜವಾಗಿಯೂ ಮಕ್ಕಳ ನರ್ಸಿಂಗ್ ಡಿಗ್ರಿ ಇದೆ. ಅಲ್ಲಿ ನರ್ಸಿಂಗ್ ಸೇರುವಾಗಲೇ ನಾಲ್ಕರಲ್ಲಿ ಒಂದು ವಿಭಾಗ ಆರಿಸಬೇಕು: ವಯಸ್ಕರು, ಮಕ್ಕಳು, ಮಾನಸಿಕ ಆರೋಗ್ಯ, ಕಲಿಕೆಯ ತೊಂದರೆ ಇರುವವರು. ಸಾಮಾನ್ಯವಾಗಿ ಮೂರು ವರ್ಷ, ಒಟ್ಟು 4,600 ಗಂಟೆ, ಅದರಲ್ಲಿ ಅರ್ಧ, ಅಂದರೆ 2,300 ಗಂಟೆ, ಆಸ್ಪತ್ರೆ ಮತ್ತು ಸಮುದಾಯದಲ್ಲಿ. ಮಕ್ಕಳ ವಿಭಾಗ ಆರಿಸಿದವರಿಗೆ ಅದರಲ್ಲಿ ಬಹುಪಾಲು ಮಕ್ಕಳ ಜೊತೆಗೇ. ನಮ್ಮ 240 ಗಂಟೆ ಮತ್ತು ನಾಲ್ಕು ವಾರದ ಇಂಟರ್ನ್‌ಶಿಪ್ಪಿನ ಪಕ್ಕದಲ್ಲಿ ಇದನ್ನಿಟ್ಟರೆ ಮಗಳಿಗೆ ಆಸೆ ಹುಟ್ಟುವುದು ಸಹಜ. ಲಂಡನ್ನಿನ ಕಿಂಗ್ಸ್ ಕಾಲೇಜಿನವರಿಗೆ ಎವೆಲಿನಾ ಮಕ್ಕಳ ಆಸ್ಪತ್ರೆ, ಮ್ಯಾಂಚೆಸ್ಟರಿನವರಿಗೆ ಅಲ್ಲಿನ ರಾಯಲ್ ಮಕ್ಕಳ ಆಸ್ಪತ್ರೆ. ಕಲಿಕೆಗೆ ಅಂಥ ಜಾಗಗಳು ಅಪರೂಪ. ವಿದ್ಯಾರ್ಥಿಯನ್ನು ಸಿಬ್ಬಂದಿಯ ಲೆಕ್ಕಕ್ಕೆ ಸೇರಿಸಬಾರದು ಎಂಬ ನಿಯಮವೂ ಅಲ್ಲಿದೆ. ನಮ್ಮಲ್ಲಿ ಅದು ಬಂದರೆ ಎಷ್ಟೋ ಖಾಸಗಿ ಆಸ್ಪತ್ರೆಗಳ ರಾತ್ರಿ ಪಾಳಿ ನಿಂತೇ ಹೋಗುತ್ತದೆ!

ಆದರೂ ನಾನು ಈಗ ಬೇಡ ಎನ್ನುತ್ತೇನೆ. ದುಡ್ಡು ಒಂದು ಕಾರಣ, ಅದು ಮುಖ್ಯ ಕಾರಣವಲ್ಲ. ಹೊರದೇಶದವರಿಗೆ ವರ್ಷಕ್ಕೆ ಹದಿನೈದು ಸಾವಿರ ಪೌಂಡಿಗಿಂತ ಕಡಿಮೆ ಫೀಸು ಸಿಗುವುದು ಅಪರೂಪ. ಅದರ ಮೇಲೆ ಊಟ, ಬಾಡಿಗೆ, ವೀಸಾ, ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ. ಅಲ್ಲಿನ ನರ್ಸಿಂಗ್ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ 5,000 ಪೌಂಡಿನ ಸಹಾಯಧನ ನಮ್ಮ ಮಕ್ಕಳಿಗೆ ಸಿಗುವುದಿಲ್ಲ. ಓದುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು ಎಂದು ಏಜೆಂಟರು ಹೇಳಿರುತ್ತಾರೆ. ವೀಸಾದ ಪ್ರಕಾರ ಸರಿ. ಆದರೆ ವಾರಕ್ಕೆ ಮೂವತ್ತೇಳು ಗಂಟೆಯಷ್ಟು ಪೋಸ್ಟಿಂಗ್ ಇರುವ ತಿಂಗಳುಗಳಲ್ಲಿ ಆ 20 ಗಂಟೆ ಎಲ್ಲಿಂದ ತರುವುದು?

ಮುಖ್ಯ ಕಾರಣ ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಇದೆ: ವಾಪಸ್ ಬಂದು ಕೊಡಗಿನಲ್ಲಿ ಕೆಲಸ. ನಮ್ಮಲ್ಲಿ ನರ್ಸ್ ಆಗಿ ನೋಂದಣಿ ಆಗುವವರು ಎಲ್ಲ ವಿಭಾಗಗಳನ್ನೂ, ಹೆರಿಗೆಯನ್ನೂ ಕಲಿತವರು. ನೋಂದಣಿಯೇ ನರ್ಸ್ ಮತ್ತು ಸೂಲಗಿತ್ತಿ ಎಂದು ಜೋಡಿಯಾಗಿ ಆಗುತ್ತದೆ. ಬ್ರಿಟನ್ನಿನ ಮಕ್ಕಳ ನರ್ಸಿಂಗ್ ಓದಿದವರಿಗೆ ಹೆರಿಗೆಯ ತರಬೇತಿ ಇರುವುದಿಲ್ಲ, ದೊಡ್ಡವರ ವಾರ್ಡಿನ ಅನುಭವವೂ ಕಡಿಮೆ. ಇಲ್ಲಿ ಕೆಲಸ ಮಾಡಲು ಮೊದಲು ಆ ಡಿಗ್ರಿಗೆ ಸಮಾನತೆ ಪಡೆಯಬೇಕು. ಅಲ್ಲಿಯೇ ತೊಡಕು ಶುರು. ಅಮೆರಿಕದಂಥ ಕಡೆಗೂ ಇದೇ ಸಮಸ್ಯೆ, ಅವರೂ ಎಲ್ಲ ವಿಭಾಗದ ತರಬೇತಿ ಕೇಳುತ್ತಾರೆ. ಹದಿನೆಂಟರ ಹುಡುಗಿ ಮೂರು ವರ್ಷ ಓದಿ ಒಂದೇ ದೇಶದಲ್ಲಿ ಸಲೀಸಾಗಿ ನಡೆಯುವ ಪದವಿ ತರುತ್ತಾಳೆ. ಅಲ್ಲಿಯೂ ಕೆಲಸ ಖಾತ್ರಿಯೇ ಎಂದರೆ, 2025ರಲ್ಲಿ ಓದು ಮುಗಿಸಿದ ನರ್ಸ್‌ಗಳಿಗೆ ಹುದ್ದೆ ಸಿಗುತ್ತಿಲ್ಲ ಎಂಬ ಕೂಗೆದ್ದು ಅಲ್ಲಿನ ಸರ್ಕಾರವೇ ಭರವಸೆಯ ಯೋಜನೆ ಪ್ರಕಟಿಸಬೇಕಾಯಿತು.

ತಿರುಗಿಸಿ ನೋಡಿದರೆ ದಾರಿ ಸುಲಭ. ಇಲ್ಲಿ ಬಿ.ಎಸ್ಸಿ. ಮುಗಿಸಿ, ಒಳ್ಳೆಯ ಮಕ್ಕಳ ಘಟಕದಲ್ಲಿ ಎರಡು ಮೂರು ವರ್ಷ ದುಡಿದು, ಆಮೇಲೆ ಸಂಬಳದ ಕೆಲಸಕ್ಕೇ ಬ್ರಿಟನ್ನಿಗೆ ಹೋಗಬಹುದು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಮಾತಾಡುವುದು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬೇಕು. ನಂತರ ಕಂಪ್ಯೂಟರ್ ಪರೀಕ್ಷೆ, ಆಮೇಲೆ ಅಲ್ಲಿಗೆ ಹೋಗಿ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಕೇರಳದ, ನಮ್ಮ ಕರಾವಳಿಯ ಎಷ್ಟೋ ಹುಡುಗಿಯರು ಹೀಗೇ ಹೋಗಿದ್ದಾರೆ. ಮನೆಯ ತೋಟ ಮಾರಿ ಹೋದವರಲ್ಲ.

ಹೊರಗೆ ಓದಲೇಬೇಕು ಎಂಬ ಹಟವಿದ್ದರೆ ಐರ್ಲೆಂಡಿನ ಕೋರ್ಸನ್ನು ನೋಡಿ. ಅಲ್ಲಿ ಮಕ್ಕಳದ್ದು ಮತ್ತು ಸಾಮಾನ್ಯ ನರ್ಸಿಂಗ್ ಎರಡೂ ಸೇರಿದ ನಾಲ್ಕೂವರೆ ವರ್ಷದ ಡಿಗ್ರಿ ಇದೆ, ಎರಡು ನೋಂದಣಿ ಸಿಗುತ್ತದೆ. ಖರ್ಚಿನಲ್ಲಿ ಮಾತ್ರ ಕಡಿಮೆಯೇನಿಲ್ಲ.

ಏಜೆಂಟರು ತೋರಿಸಿದ ಕೋರ್ಸಿನ ಪೂರ್ತಿ ಹೆಸರನ್ನು ಒಮ್ಮೆ ಬರೆಸಿಕೊಳ್ಳಿ. "ಹೆಲ್ತ್ ಅಂಡ್ ಸೋಶಿಯಲ್ ಕೇರ್", "ಚೈಲ್ಡ್‌ಹುಡ್ ಸ್ಟಡೀಸ್" ಎಂದಿದ್ದರೆ ಅದು ನರ್ಸಿಂಗೇ ಅಲ್ಲ, ಮುಗಿಸಿದರೂ ನರ್ಸ್ ಆಗಿ ನೋಂದಣಿ ಆಗುವುದಿಲ್ಲ. ಬ್ರಿಟನ್ನಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ ತಾನು ಒಪ್ಪಿದ ಕೋರ್ಸುಗಳ ಪಟ್ಟಿಯನ್ನು ತನ್ನ ವೆಬ್‌ಸೈಟಿನಲ್ಲೇ ಹಾಕಿದೆ. ಅದರಲ್ಲಿ ಇಲ್ಲದಿದ್ದರೆ ಮುಂದಿನ ಮಾತು ಬೇಡ.

ನೀವು ಕೇಳದ ಇನ್ನೊಂದು ದಾರಿಯನ್ನೂ ಹೇಳುತ್ತೇನೆ, ಕೊಡಗಿನವರಿಗೆ ಹೇಳದಿದ್ದರೆ ಹೇಗೆ? ಮಗಳು ನೀಟ್ ಬರೆದಿದ್ದರೆ ಮಿಲಿಟರಿ ನರ್ಸಿಂಗ್ ಸರ್ವಿಸ್‌ಗೆ ಅರ್ಜಿ ಹಾಕಬಹುದು. ನೀಟ್ ಅಂಕದ ಮೇಲೆ ಕರೆದು ಆಯ್ಕೆ ಮಾಡುತ್ತಾರೆ. ನಾಲ್ಕು ವರ್ಷದ ಬಿ.ಎಸ್ಸಿ. ಪುಣೆಯ ಸೇನಾ ವೈದ್ಯಕೀಯ ಕಾಲೇಜು (ಎಎಫ್‌ಎಂಸಿ), ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಂಥ ಕಡೆ ನಡೆಯುತ್ತದೆ. ಓದಿಗೆ ಫೀಸಿಲ್ಲ, ಮುಗಿಸಿದ ಮೇಲೆ ಲೆಫ್ಟಿನೆಂಟ್ ಆಗಿ ಸೇರಬೇಕು, ಬಾಂಡ್ ಇರುತ್ತದೆ. ಸೀಟು ದೇಶಕ್ಕೆಲ್ಲ ಸೇರಿ ಇನ್ನೂರರ ಆಚೀಚೆ, ಹೆಣ್ಣುಮಕ್ಕಳಿಗೆ ಮಾತ್ರ. ಮನೆಮನೆಯಲ್ಲೂ ಸೈನಿಕರಿರುವ ನಮ್ಮ ಜಿಲ್ಲೆಯಲ್ಲಿ ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ ಬಗ್ಗೆ ಎಲ್ಲರಿಗೂ ಗೊತ್ತು, ಇದರ ಬಗ್ಗೆ ಕೇಳುವವರೇ ಇಲ್ಲ. ಮಕ್ಕಳ ವಾರ್ಡೇ ಸಿಗುತ್ತದೆ ಎಂಬ ಭರವಸೆ ಮಾತ್ರ ಅಲ್ಲಿಲ್ಲ.

ದುಡ್ಡಿನ ವಿಷಯದಲ್ಲಿ ಎರಡೇ ಮಾತು. ಕಾಲೇಜಿನವರು ಮೊದಲ ವರ್ಷದ ಫೀಸು ಹೇಳುತ್ತಾರೆ. ನಾಲ್ಕೂ ವರ್ಷದ ಫೀಸು, ಹಾಸ್ಟೆಲು, ಯೂನಿಫಾರ್ಮು, ಪರೀಕ್ಷೆ, ಪೋಸ್ಟಿಂಗ್ ಬಸ್ಸು ಎಲ್ಲ ಸೇರಿಸಿ ಬರವಣಿಗೆಯಲ್ಲಿ ಕೇಳಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ ತನ್ನಿ, ಅವರ ಬೀರುವಿನಲ್ಲಿ ಬಿಟ್ಟು ಬರಬೇಡಿ. ಎರಡನೆಯದು ಸಾಲ. ಏಳೂವರೆ ಲಕ್ಷದವರೆಗೆ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳಬೇಕಿಲ್ಲ. ನಮ್ಮವರಿಗೆ ಇದು ದೊಡ್ಡ ಅನುಕೂಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಪಹಣಿಯಲ್ಲಿ ಅಜ್ಜನ ಕಾಲದ ಹೆಸರುಗಳ ಸಾಲೇ ಇದ್ದರೆ ಬ್ಯಾಂಕಿನವರು ಅದನ್ನು ಮುಟ್ಟುವುದೂ ಕಷ್ಟ. ಸಿಇಟಿ ಸೀಟಾದರೆ, ನಿಮ್ಮ ವರ್ಗಕ್ಕೆ ಅನ್ವಯವಾದರೆ, ಸರ್ಕಾರದ ಅರಿವು ಶಿಕ್ಷಣ ಸಾಲವನ್ನೂ ನೋಡಿ. ಫೀಸು ಕಟ್ಟುವ ಕಾಲ ಮಳೆಗಾಲದ ಕೊನೆ. ಅರೇಬಿಕಾ ಕೊಯ್ದು ದುಡ್ಡು ಕೈಗೆ ಬರುವುದು ಡಿಸೆಂಬರ್ ನಂತರ. ಕಂತಿನಲ್ಲಿ ಕಟ್ಟಲು ಬಿಡುತ್ತಾರಾ ಎಂದು ಸೇರುವ ಮೊದಲೇ ಮಾತಾಡಿಕೊಳ್ಳಿ.

ಕೊಡಗಿನಲ್ಲಿ ಕೆಲಸ ಇದೆಯೇ? ಇದೆ. ಆದರೆ "ಮಕ್ಕಳ ನರ್ಸ್" ಎಂಬ ಬೋರ್ಡಿನಡಿ ಅಲ್ಲ. ಸರ್ಕಾರ ನೇಮಕ ಮಾಡುವುದು ಶುಶ್ರೂಷಾಧಿಕಾರಿ ಎಂದು. ಇವತ್ತು ಹೆರಿಗೆ ವಾರ್ಡು, ನಾಳೆ ತುರ್ತು ವಿಭಾಗ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಜಿಲ್ಲಾಸ್ಪತ್ರೆ ಅದರ ಬೋಧಕ ಆಸ್ಪತ್ರೆ. ನವಜಾತ ಶಿಶು ಆರೈಕೆಯ ತರಬೇತಿ ಪಡೆದವರಿಗೆ ಅಂಥ ಕಡೆ ಮಕ್ಕಳ ಘಟಕಕ್ಕೆ ಹಾಕಿ ಎಂದು ಕೇಳಲು ಬಲ ಇರುತ್ತದೆ. ಆಸ್ಪತ್ರೆಯ ಹೊರಗೂ ಕೆಲಸವಿದೆ. ಬಿ.ಎಸ್ಸಿ. ಆದವರು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಆಗಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತವೆ, ಅದರಲ್ಲೂ ನರ್ಸ್‌ಗೆ ಜಾಗವಿದೆ. ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳು, ಆದಿವಾಸಿ ಹಾಡಿಗಳ ಯರವ, ಜೇನು ಕುರುಬ ಮಕ್ಕಳು ಆಸ್ಪತ್ರೆಗೆ ಬರುವುದೇ ತಡವಾಗಿ. ಆ ಮಕ್ಕಳ ತೂಕ, ರಕ್ತಹೀನತೆ ಗಮನಿಸುವವರು ಬೇಕೇ ಬೇಕು. ಮಗಳಿಗೆ ನಿಜವಾಗಿ ಮಕ್ಕಳ ಮೇಲೆ ಮನಸ್ಸಿದ್ದರೆ ಇದನ್ನೂ ಅವಳ ಕಿವಿಗೆ ಹಾಕಿ. ಪೂರ್ತಿ ಎನ್‌ಐಸಿಯು, ಮಕ್ಕಳ ಹೃದಯದ ಶಸ್ತ್ರಚಿಕಿತ್ಸೆ ಇಂಥದ್ದೇ ಬೇಕೆಂದರೆ ಮೊದಲ ಕೆಲವು ವರ್ಷ ಮೈಸೂರು, ಬೆಂಗಳೂರಿನಲ್ಲೇ ಇರಬೇಕಾಗುತ್ತದೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಾಣಿ ವಿಲಾಸ ಇವೆ.

ಈಗ ಮಾಡಬೇಕಾದದ್ದು: ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟ್ ದಿನಾ ನೋಡುತ್ತಿರಿ, ಬಿ.ಎಸ್ಸಿ. ನರ್ಸಿಂಗ್ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ ಹಾಕುವುದು) ಶುರುವಾದಾಗ ಸ್ವಂತ ಆಸ್ಪತ್ರೆ ಇರುವ ಕಾಲೇಜುಗಳನ್ನೇ ಮೇಲೆ ಹಾಕಿ. ಹತ್ತಿರದ್ದು ಎಂದು ಯಾವುದನ್ನೂ ಮೇಲೆ ಹಾಕಬೇಡಿ, ಸಿಕ್ಕಿಬಿಟ್ಟರೆ ಕಷ್ಟ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಎಂದು ಮಗಳ ಹಳೆಯ ತಾಯಿ ಕಾರ್ಡಿನಲ್ಲಿ ನೋಡಿ. ಆಗಿಲ್ಲದಿದ್ದರೆ ಈ ವಾರವೇ ಮೊದಲ ಡೋಸ್ ಹಾಕಿಸಿ. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಮೊದಲ ವರ್ಷದಲ್ಲೇ ವಾರ್ಡಿಗೆ ಇಳಿಸುತ್ತಾರೆ, ಸೂಜಿ ಚುಚ್ಚಿಕೊಳ್ಳುವ ಸಂದರ್ಭ ಯಾವಾಗ ಬರುತ್ತದೋ ಹೇಳಲಾಗದು.